ಗಾಡಿಯನ್ನೇ ಹೊತ್ತ ಸರಕು

ನ್ಯಾನೊವಾಹಕಗಳ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಕ್ಯಾನ್ಸರ್ ಔಷಧದಿಂದ ಶುರುಮಾಡುತ್ತಾರೆ. 1995ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಡಾಕ್ಸಿಲ್, ಅಂದರೆ ಕೊಬ್ಬಿನ ಗುಳ್ಳೆಯೊಳಗೆ ತುಂಬಿದ ಡಾಕ್ಸೊರುಬಿಸಿನ್, ಆ ಕಥೆಯ ಮೊದಲ ಅಧ್ಯಾಯವಾಗಿ ಕೂತುಬಿಟ್ಟಿದೆ. ಆದರೆ ಆ ಗಾಡಿಯನ್ನು ಮೊದಲು ಹತ್ತಿದ ಪ್ರಯಾಣಿಕ ಬೇರೆ. ಡಾಕ್ಸಿಲ್‌ಗೂ ಸುಮಾರು ಕಾಲು ಶತಮಾನ ಮುಂಚೆ, 1971ರಲ್ಲಿ, ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ವೈದ್ಯಕೀಯ ಶಾಲೆಯಲ್ಲಿ ಗ್ರೆಗರಿ ಗ್ರೆಗೋರಿಯಾಡಿಸ್, ಬ್ರೆಂಡಾ ರೈಮನ್ ಮತ್ತು ಅವರ ಸಹೋದ್ಯೋಗಿಗಳು ಲೈಪೊಸೋಮಿನೊಳಗೆ ಕೂಡಿಹಾಕಿದ್ದು ಶಿಲೀಂಧ್ರದಿಂದ ತೆಗೆದ ಒಂದು ಕಿಣ್ವವನ್ನು. ಕಿಣ್ವವೆಂದರೆ ಪ್ರೋಟೀನು. ಬೆನ್ನಿಗೇ ಇಲಿಗಳ ರಕ್ತಕ್ಕೆ ಅದನ್ನು ಚುಚ್ಚಿ, ಆ ಗುಳ್ಳೆಗಳು ಎಲ್ಲಿ ಹೋಗಿ ಸೇರುತ್ತವೆ ಎಂದು ನೋಡಿದರು. ಬಹುಪಾಲು ಯಕೃತ್ತಿಗೆ ಹೋದವು. ಪ್ರೋಟೀನನ್ನು ಹೊರುವುದಕ್ಕೆಂದೇ ಹೊರಟ ಗಾಡಿ ಮುಂದಿನ ಅರ್ಧ ಶತಮಾನದಲ್ಲಿ ಶಿಲೀಂಧ್ರನಾಶಕಗಳನ್ನು, ಕ್ಯಾನ್ಸರ್ ಔಷಧಗಳನ್ನು, ಕೊನೆಗೆ ಆರ್‌ಎನ್‌ಎಯನ್ನು ಯಶಸ್ವಿಯಾಗಿ ಹೊತ್ತಿತು. ತಾನು ಯಾರಿಗಾಗಿ ಹುಟ್ಟಿತ್ತೋ ಆ ಪ್ರಯಾಣಿಕನ ವಿಷಯದಲ್ಲಿ ಮಾತ್ರ ಪದೇ ಪದೇ ಎಡವಿತು. ಯಾಕೆ ಎಂಬುದಕ್ಕೆ ಸಿಗುವ ಸಿದ್ಧ ಉತ್ತರ, ತಂತ್ರಜ್ಞಾನ ಇನ್ನೂ ಮಾಗಿರಲಿಲ್ಲ ಎಂಬುದು. ನನಗೆ ಅದು ಸಾಲದು ಅನಿಸುತ್ತದೆ. ಪ್ರೋಟೀನನ್ನು ಬಾಯಿಲ್ಲದ ಮೂಟೆಯೆಂದು ಎಣಿಸಿದ ಕಡೆಯಲ್ಲೆಲ್ಲ ವಾಹಕ ಸೋತಿತು, ಪ್ರೋಟೀನಿಗೆ ತನ್ನದೇ ದಾರಿ ಗೊತ್ತಿದೆ ಎಂದು ಒಪ್ಪಿಕೊಂಡ ಕಡೆ ಗೆದ್ದಿತು. ದಾಖಲೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಕಾಣುವುದು ಇದೇ.

ಮೂಟೆ ಎಂಬ ಕಲ್ಪನೆ ಬಂದದ್ದು ಇನ್ಸುಲಿನ್‌ನಿಂದ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನಿಗೆ ಬ್ಯಾಂಟಿಂಗ್ ಮತ್ತು ಬೆಸ್ಟ್ ತಯಾರಿಸಿದ ಸಾರವನ್ನು ಚುಚ್ಚಿದರು. ಮೊದಲ ಸಲ ಅಷ್ಟೇನೂ ಫಲ ಸಿಗಲಿಲ್ಲ. ಅವರ ಜೊತೆಗಿದ್ದ ಕಾಲಿಪ್ ಅದನ್ನು ಶುದ್ಧಗೊಳಿಸಿದ ಮೇಲೆ, ಹನ್ನೆರಡು ದಿನಗಳ ನಂತರದ ಚುಚ್ಚುಮದ್ದಿನಲ್ಲಿ ಸಕ್ಕರೆ ಇಳಿಯಿತು. ಸಾವಿನ ದವಡೆಯಿಂದ ಮಕ್ಕಳು ಎದ್ದು ಬಂದರು, ಸೂಜಿಯೂ ಅವರ ಜೊತೆಗೇ ಜೀವನಪೂರ್ತಿ ಬಂತು. ಬಾಯಿಯ ಮೂಲಕ ಕೊಡುವ ಪ್ರಯತ್ನಗಳು 1920ರ ದಶಕದಲ್ಲೇ ಶುರುವಾಗಿ ಅಲ್ಲೇ ನಿಂತವು. ಇನ್ಸುಲಿನ್ 51 ಅಮೈನೊ ಆಮ್ಲಗಳ ಸರಪಳಿ. ಜಠರದ ಆಮ್ಲಕ್ಕೂ ಪೆಪ್ಸಿನ್‌ಗೂ ಮುಂದೆ ಕರುಳಿನಲ್ಲಿ ಕಾದಿರುವ ಟ್ರಿಪ್ಸಿನ್‌ಗೂ ಅದು ಊಟದ ತಟ್ಟೆಯ ಬೇಳೆಗಿಂತ ಬೇರೆಯೇನಲ್ಲ. ಅಲ್ಲಿಂದ ತಪ್ಪಿಸಿಕೊಂಡರೂ ಕರುಳಿನ ಒಳಗೋಡೆ ಅಷ್ಟು ದೊಡ್ಡ ಅಣುವನ್ನು ಒಳಬಿಡುವುದಿಲ್ಲ. ಹೀಗಾಗಿ ಪ್ರೋಟೀನ್ ಔಷಧದ ಸಮಸ್ಯೆ ಎಲ್ಲರ ಕಣ್ಣಿಗೂ ಸಾಗಣೆಯ ಸಮಸ್ಯೆಯಾಗಿ ಕಂಡಿತು: ದಾರಿಯಲ್ಲಿ ಕಳ್ಳರಿದ್ದಾರೆ, ಊರಬಾಗಿಲು ಮುಚ್ಚಿದೆ, ಆದ್ದರಿಂದ ಭದ್ರವಾದ ಪೆಟ್ಟಿಗೆ ಬೇಕು. ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಹ್ಯಾಗೆಡಾರ್ನ್ ಮಾತ್ರ ಬೇರೆ ಹಾದಿ ಹಿಡಿದಿದ್ದ. 1936ರಲ್ಲಿ ಆತ ಟ್ರೌಟ್ ಮೀನಿನ ವೀರ್ಯದಿಂದ ತೆಗೆದ ಪ್ರೊಟಮೀನ್ ಎಂಬ ಪ್ರೋಟೀನನ್ನು ಇನ್ಸುಲಿನ್‌ಗೆ ಜೊತೆಮಾಡಿದ. ಎರಡೂ ಒಂದನ್ನೊಂದು ಅಂಟಿಕೊಂಡು, ಚರ್ಮದ ಕೆಳಗೆ ನಿಧಾನವಾಗಿ ಕರಗಿ, ಒಂದು ಚುಚ್ಚುಮದ್ದಿನ ಕೆಲಸವನ್ನು ಗಂಟೆಗಟ್ಟಲೆ ಎಳೆದವು. ಇಲ್ಲಿ ಪೆಟ್ಟಿಗೆಯೇ ಇಲ್ಲ. ಒಂದು ಪ್ರೋಟೀನು ಇನ್ನೊಂದರ ಕೈ ಹಿಡಿದಿದೆ ಅಷ್ಟೆ. ಅದರ ಮುಂದಿನ ರೂಪವಾದ ಎನ್‌ಪಿಎಚ್ ಇನ್ಸುಲಿನ್ 1946ರಲ್ಲಿ ಬಂತು, ಇವತ್ತಿಗೂ ನಮ್ಮ ಔಷಧದಂಗಡಿಗಳ ಫ್ರಿಜ್ಜಿನಲ್ಲಿದೆ. ಅದನ್ನು ಯಾರೂ ವಾಹಕವೆಂದು ಕರೆಯಲಿಲ್ಲ.

ಪೆಟ್ಟಿಗೆ ಸಿಕ್ಕಿದ್ದು ಆಕಸ್ಮಿಕವಾಗಿ. 1960ರ ದಶಕದ ಆರಂಭದಲ್ಲಿ ಕೇಂಬ್ರಿಜ್ ಬಳಿಯ ಬಾಬ್ರಹಾಮ್‌ನಲ್ಲಿ ಅಲೆಕ್ ಬ್ಯಾಂಗಮ್ ರಕ್ತ ಹೆಪ್ಪುಗಟ್ಟುವ ಬಗೆಯನ್ನು ತಿಳಿಯಲು ಫಾಸ್ಫೊಲಿಪಿಡ್‌ಗಳೊಂದಿಗೆ ಕೆಲಸ ಮಾಡುತ್ತಿದ್ದರು. ಮೊಟ್ಟೆಯ ಹಳದಿಯಿಂದ ಸಿಗುವಂಥ ಈ ಕೊಬ್ಬನ್ನು ನೀರಿಗೆ ಹಾಕಿದರೆ ಅದು ತಾನಾಗಿಯೇ ಎರಡು ಪದರದ ಗೋಡೆ ಕಟ್ಟಿಕೊಂಡು ಒಳಗೆ ಒಂದಿಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡ ಚಿತ್ರಗಳು ಜೀವಕೋಶದ ಪೊರೆಯ ಪ್ರತಿರೂಪದಂತಿದ್ದವು. ಅವಕ್ಕೆ ಲೈಪೊಸೋಮ್ ಎಂದು ಹೆಸರಿಟ್ಟದ್ದು 1968ರಲ್ಲಿ ಗೆರಾಲ್ಡ್ ವೈಸ್ಮನ್. ಬ್ಯಾಂಗಮ್‌ಗೆ ಅದು ಪೊರೆಯ ಗುಟ್ಟು ಹೇಳುವ ಮಾದರಿ. ಔಷಧ ತುಂಬುವ ಚೀಲವಾಗಿ ಅದನ್ನು ದುಡಿಸಿಕೊಂಡದ್ದು ಗ್ರೆಗೋರಿಯಾಡಿಸ್.

ಗ್ರೆಗೋರಿಯಾಡಿಸ್ ಲಂಡನ್ನಿಗೆ ಬರುವ ಮುನ್ನ ಏನು ಮಾಡುತ್ತಿದ್ದರು ಎಂಬುದು ಈ ಕಥೆಗೆ ಮುಖ್ಯ. ಗ್ರೀಸ್ ಮೂಲದ ಈ ವಿಜ್ಞಾನಿ ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನಲ್ಲಿ ಅನಟೋಲ್ ಮೊರೆಲ್ ಮತ್ತಿತರರ ಜೊತೆಗಿದ್ದಾಗ ಸೆರುಲೊಪ್ಲಾಸ್ಮಿನ್ ಎಂಬ ಪ್ರೋಟೀನಿನ ಬೆನ್ನು ಹತ್ತಿದ್ದರು. ರಕ್ತದಲ್ಲಿ ತಾಮ್ರವನ್ನು ಹೊತ್ತು ತಿರುಗುವ ಈ ಪ್ರೋಟೀನಿನ ಮೈಮೇಲೆ ಸಕ್ಕರೆಯ ಕುಡಿಗಳಿವೆ. ಪ್ರತಿ ಕುಡಿಯ ತುದಿಯಲ್ಲಿ ಸಿಯಾಲಿಕ್ ಆಮ್ಲದ ಒಂದು ಟೊಪ್ಪಿ. ಟೊಪ್ಪಿ ಇರುವವರೆಗೆ ಸೆರುಲೊಪ್ಲಾಸ್ಮಿನ್ ದಿನಗಟ್ಟಲೆ ರಕ್ತದಲ್ಲಿ ಸುತ್ತುತ್ತದೆ. ಅದನ್ನು ಕಿತ್ತು ಕೆಳಗಿನ ಗ್ಯಾಲಕ್ಟೋಸ್ ಬಯಲಾಗುವಂತೆ ಮಾಡಿದರೆ ಯಕೃತ್ತು ಕೆಲವೇ ನಿಮಿಷಗಳಲ್ಲಿ ಅದನ್ನು ಎಳೆದುಕೊಂಡುಬಿಡುತ್ತದೆ. 1970ರಲ್ಲಿ ಪ್ರಕಟವಾದ ಆ ಅಧ್ಯಯನದ ಮೊದಲ ಲೇಖಕ ಗ್ರೆಗೋರಿಯಾಡಿಸ್. ಇದರ ಅರ್ಥ ಸರಳ: ಪ್ರೋಟೀನಿನ ಮೈಮೇಲೇ ವಿಳಾಸ ಬರೆದಿರುತ್ತದೆ, ದೇಹದ ಅಂಗಾಂಗಗಳು ಅದನ್ನು ಓದುತ್ತವೆ. ಆ ಗುಟ್ಟನ್ನು ಬಯಲು ಮಾಡಿದವರಲ್ಲಿ ಒಬ್ಬರಾದ ಗ್ರೆಗೋರಿಯಾಡಿಸರೇ ಮರುವರ್ಷ ಪ್ರೋಟೀನನ್ನು ಪೆಟ್ಟಿಗೆಯೊಳಗಿಟ್ಟು ಆ ವಿಳಾಸವನ್ನು ಮುಚ್ಚಿದರು. ಅವರನ್ನು ದೂರಲು ನಾನು ಇದನ್ನು ಹೇಳುತ್ತಿಲ್ಲ. ಮುಚ್ಚುವುದಕ್ಕೂ ಒಳ್ಳೆಯ ಕಾರಣವಿತ್ತು: ಹೊರಗಿನ ಕಿಣ್ವವನ್ನು ಕಂಡೊಡನೆ ರೋಗನಿರೋಧಕ ವ್ಯವಸ್ಥೆ ಕೆರಳುತ್ತದೆ, ಪೆಟ್ಟಿಗೆಯೊಳಗಿದ್ದರೆ ಕಣ್ಣಿಗೆ ಬೀಳದೆ ಹೋಗಬಹುದು ಎಂಬ ಲೆಕ್ಕ. ಆದರೂ ಮುಂದೆ ಇಪ್ಪತ್ತು ವರ್ಷ ನಡೆದ ಪೈಪೋಟಿಯ ಎರಡು ಹಾದಿಗಳೂ ಒಬ್ಬನೇ ಸಂಶೋಧಕನ ಎರಡು ವರ್ಷಗಳ ಕೆಲಸದಲ್ಲಿ ಆಗಲೇ ಇದ್ದವು.

ಆ ಪೈಪೋಟಿಯ ಕಣ ಗೋಷೆ ಕಾಯಿಲೆ. ಹುಟ್ಟಿನಿಂದಲೇ ಒಂದು ಕಿಣ್ವ ಕಡಿಮೆಯಾಗಿ, ಒಂದು ಬಗೆಯ ಕೊಬ್ಬು ಕರಗದೆ, ಯಕೃತ್ತು, ಗುಲ್ಮ ಮತ್ತು ಎಲುಬಿನ ಮಜ್ಜೆಯ ಕಬಳಿಸುವ ಕೋಶಗಳಲ್ಲಿ ತುಂಬಿಕೊಳ್ಳುತ್ತದೆ. ಹೊಟ್ಟೆ ಉಬ್ಬುತ್ತದೆ, ಎಲುಬು ಮುರಿಯುತ್ತದೆ. ಕೊರತೆಯ ಕಿಣ್ವ ಯಾವುದೆಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ರಾಸ್ಕೊ ಬ್ರೇಡಿ 1960ರ ದಶಕದ ಮಧ್ಯದಲ್ಲಿ ತೋರಿಸಿಕೊಟ್ಟಿದ್ದರು. ಲೈಪೊಸೋಮಿಗೆ ಇದಕ್ಕಿಂತ ತಕ್ಕ ಕಾಯಿಲೆ ಇರಲು ಸಾಧ್ಯವಿರಲಿಲ್ಲ. ರಕ್ತಕ್ಕೆ ಚುಚ್ಚಿದ ಗುಳ್ಳೆಗಳನ್ನು ನುಂಗುವುದು ಇವೇ ಕೋಶಗಳು. ಬೇರೆ ಕಾಯಿಲೆಗಳಲ್ಲಿ ದೋಷವೆನಿಸುವ ಈ ಗುಣ ಇಲ್ಲಿ ವರ. ಬ್ರಿಟನ್ನಿನ ತಂಡ ಲೈಪೊಸೋಮಿನಲ್ಲಿಟ್ಟ ಕಿಣ್ವವನ್ನು ರೋಗಿಗೆ ಕೊಟ್ಟ ವರದಿ 1977ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಅತ್ತ ಬ್ರೇಡಿಯ ತಂಡ ಹೆರಿಗೆಯ ನಂತರದ ಮಾಸಿನಿಂದ ಕಿಣ್ವವನ್ನು ಶುದ್ಧೀಕರಿಸಿ, ಪೆಟ್ಟಿಗೆಯಿಲ್ಲದೆ ನೇರವಾಗಿ ಕೊಟ್ಟು ನೋಡಿತು. ಅದು ಯಕೃತ್ತಿಗೇನೋ ಹೋಯಿತು, ಆದರೆ ಹೆಚ್ಚಿನದು ಬೇಡದ ಕೋಶಗಳ ಪಾಲಾಯಿತು. ಆಗ ಅವರು ಮಾಡಿದ್ದು ಸೆರುಲೊಪ್ಲಾಸ್ಮಿನ್ ಪ್ರಯೋಗದ ವಿಸ್ತರಣೆ. ಕಿಣ್ವದ ಸಕ್ಕರೆಯ ಕುಡಿಯನ್ನು ಒಂದೊಂದೇ ಗೆಣ್ಣಾಗಿ ಕತ್ತರಿಸುತ್ತ ಹೋದರು: ಮೊದಲು ಸಿಯಾಲಿಕ್ ಆಮ್ಲ, ಆಮೇಲೆ ಗ್ಯಾಲಕ್ಟೋಸ್, ಆಮೇಲೆ ಮತ್ತೊಂದು ಸಕ್ಕರೆ, ಕೊನೆಗೆ ಉಳಿದದ್ದು ಮ್ಯಾನೋಸ್. ಕಬಳಿಸುವ ಕೋಶಗಳ ಮೈಮೇಲೆ ಮ್ಯಾನೋಸನ್ನು ಹಿಡಿಯುವ ಗ್ರಾಹಕಗಳಿವೆ. ಹೀಗೆ ಸವರಿದ ಕಿಣ್ವ 1991ರಲ್ಲಿ ಸೆರಿಡೇಸ್ ಎಂಬ ಹೆಸರಿನಲ್ಲಿ ಒಪ್ಪಿಗೆ ಪಡೆಯಿತು. ಒಬ್ಬ ರೋಗಿಯ ವರ್ಷದ ಔಷಧಕ್ಕೆ ಸಾವಿರಾರು ಮಾಸುಗಳು ಬೇಕಾಗುತ್ತಿದ್ದ ಕಾರಣ ಅದು ಜಗತ್ತಿನ ಅತಿ ದುಬಾರಿ ಮದ್ದುಗಳ ಸಾಲಿಗೆ ಸೇರಿತು ಎಂಬುದು ಬೇರೆಯೇ ಒಂದು ಕಥೆ. 1994ರಲ್ಲಿ ಕೋಶಕೃಷಿಯಲ್ಲಿ ತಯಾರಾದ ರೂಪ ಅದರ ಜಾಗಕ್ಕೆ ಬಂತು. ಲೈಪೊಸೋಮ್ ಸೋತದ್ದು ಅದಕ್ಕೆ ಊರು ಗೊತ್ತಿರಲಿಲ್ಲವೆಂದಲ್ಲ. ಅದೇ ಊರಿಗೆ ಪ್ರೋಟೀನು ಯಾರ ಹಂಗೂ ಇಲ್ಲದೆ ನಡೆದು ಹೋಗಬಲ್ಲದು ಎಂದಾದ ಮೇಲೆ ಗಾಡಿಗೆ ಕೆಲಸವೇ ಉಳಿಯಲಿಲ್ಲ.

ಆದರೆ 1970ರ ದಶಕದಲ್ಲಿ ಹೀಗೆ ಯೋಚಿಸುವ ವ್ಯವಧಾನ ಯಾರಿಗೂ ಇರಲಿಲ್ಲ, ಏಕೆಂದರೆ ಪೆಟ್ಟಿಗೆಗಳು ಎಲ್ಲ ಕಡೆಯಿಂದಲೂ ಒಟ್ಟಿಗೇ ಬರುತ್ತಿದ್ದವು. 1976 ಒಂದೇ ವರ್ಷವನ್ನು ತೆಗೆದುಕೊಳ್ಳಿ. ಬಾಸ್ಟನ್ನಿನಲ್ಲಿ ರಾಬರ್ಟ್ ಲ್ಯಾಂಗರ್ ಮತ್ತು ಜೂಡಾ ಫೋಕ್‌ಮನ್, ಪ್ಲಾಸ್ಟಿಕ್ಕಿನಂಥ ಪಾಲಿಮರಿನೊಳಗಿಂದಲೂ ದೊಡ್ಡ ಪ್ರೋಟೀನುಗಳು ವಾರಗಟ್ಟಲೆ ನಿಧಾನವಾಗಿ ಒಸರಬಲ್ಲವು ಎಂದು ನೇಚರ್ ಪತ್ರಿಕೆಯಲ್ಲಿ ತೋರಿಸಿದರು. ಜೂರಿಕ್‌ನಲ್ಲಿ ಪೀಟರ್ ಸ್ಪೈಸರ್ ಅವರ ಪ್ರಯೋಗಾಲಯ ಲಸಿಕೆಯ ಪ್ರೋಟೀನನ್ನು ಪಾಲಿಮರಿನ ಅತಿಸೂಕ್ಷ್ಮ ಕಣಗಳಿಗೆ ಸೇರಿಸಿದ ವರದಿ ಕೊಟ್ಟಿತು. ಲಂಡನ್ನಿನ ಎರಡು ಗುಂಪುಗಳು, ಒಂದರಲ್ಲಿ ರೈಮನ್, ಇನ್ನೊಂದರಲ್ಲಿ ಗ್ರೆಗೋರಿಯಾಡಿಸ್, ಇನ್ಸುಲಿನ್ ತುಂಬಿದ ಲೈಪೊಸೋಮುಗಳನ್ನು ಇಲಿಗಳ ಹೊಟ್ಟೆಗೆ ಕೊಟ್ಟು ರಕ್ತದ ಸಕ್ಕರೆ ಇಳಿದದ್ದನ್ನು ಪ್ರಕಟಿಸಿದವು. ಅರ್ಧ ಶತಮಾನದ ಹಿಂದೆ ಕೈಬಿಟ್ಟ ಕನಸು ಮತ್ತೆ ಚಿಗುರಿತು: ಸೂಜಿಯಿಲ್ಲದ ಇನ್ಸುಲಿನ್. 1988ರಲ್ಲಿ ಫ್ರಾನ್ಸಿನ ಪ್ಯಾಟ್ರಿಕ್ ಕುವ್ರೂರ್ ಮತ್ತು ಸಂಗಡಿಗರು ಸೈನೊಅಕ್ರಿಲೇಟ್ ಪಾಲಿಮರಿನ ನ್ಯಾನೊಕೋಶಗಳಲ್ಲಿ ಇನ್ಸುಲಿನ್ ಇಟ್ಟು, ಮಧುಮೇಹದ ಇಲಿಗಳಿಗೆ ಒಂದೇ ಸಲ ಬಾಯಿಂದ ಕೊಟ್ಟು, ಹಲವು ದಿನಗಳವರೆಗೆ ಸಕ್ಕರೆ ತಗ್ಗಿಸಿದರು. ಶಸ್ತ್ರವೈದ್ಯರು ಚರ್ಮ ಅಂಟಿಸಲು ಬಳಸುವ ಅಂಟಿನ ಬಳಗಕ್ಕೇ ಸೇರಿದ ವಸ್ತು ಅದು. ಅಲ್ಲಿಂದೀಚೆಗೆ ಕೈಟೋಸಾನ್, ಪಾಲಿಲ್ಯಾಕ್ಟಿಕ್ ಆಮ್ಲ, ಘನ ಕೊಬ್ಬಿನ ಕಣ, ಡೆಂಡ್ರಿಮರ್ ಎಂದು ಇಲಿಗಳ ಸಕ್ಕರೆ ಇಳಿಸಿದ ಕಣಗಳ ಪಟ್ಟಿ ಬೆಳೆಯುತ್ತಲೇ ಹೋಯಿತು. ಮನುಷ್ಯರ ಇನ್ಸುಲಿನ್ ಮಾತ್ರ ಸೂಜಿಯಲ್ಲೇ ಉಳಿಯಿತು.

ಇಲಿಯಿಂದ ಮನುಷ್ಯನಿಗೆ ಬರುವ ದಾರಿಯಲ್ಲಿ ಕೆಟ್ಟದ್ದು ಲೆಕ್ಕ. ತುಂಬಿದ ಕಣಗಳಲ್ಲಿ ನೂರಕ್ಕೆ ಒಂದೆರಡು ಪಾಲು ರಕ್ತ ಸೇರಿದರೂ ಇಲಿಯ ಪ್ರಯೋಗ ಗೆದ್ದಂತೆಯೇ, ಯಾಕೆಂದರೆ ಇಲಿಗೆ ತೂಕಕ್ಕೆ ಹೋಲಿಸಿದರೆ ಎಷ್ಟು ದೊಡ್ಡ ಪ್ರಮಾಣವನ್ನಾದರೂ ಕೊಡಬಹುದು. ಇನ್ಸುಲಿನ್ನಿನದು ಕತ್ತಿಯ ಅಂಚಿನ ನಡಿಗೆ: ಹೆಚ್ಚಾದರೆ ಪ್ರಜ್ಞೆ ತಪ್ಪುತ್ತದೆ, ಕಡಿಮೆಯಾದರೆ ಸಕ್ಕರೆ ಏರುತ್ತದೆ. ಇವತ್ತು ನೂರಕ್ಕೆ ಒಂದು, ನಾಳೆ ಊಟದ ಮೇಲೆ ನೂರಕ್ಕೆ ಮೂರು ಎಂದು ಒಳಹೋಗುವ ಮದ್ದನ್ನು ಯಾವ ವೈದ್ಯರೂ ಧೈರ್ಯವಾಗಿ ಬರೆದುಕೊಡಲಾರರು. ಇನ್ನು ತುಂಬುವ ಲೆಕ್ಕ. ನೂರು ನ್ಯಾನೊಮೀಟರ್ ಅಗಲದ ಲೈಪೊಸೋಮಿನ ಒಳಗಿನ ನೀರಿನ ಜಾಗಕ್ಕೆ ಒಂದು ಮಿಲಿಲೀಟರಿಗೆ ಹತ್ತು ಮಿಲಿಗ್ರಾಂ ಸಾಂದ್ರತೆಯ ಇನ್ಸುಲಿನ್ ದ್ರಾವಣ ತುಂಬಿತೆನ್ನಿ. ಗುಣಿಸಿ ನೋಡಿದರೆ ಒಂದು ಗುಳ್ಳೆಗೆ ಸಿಗುವುದು ಸುಮಾರು ನಾನೂರು ಅಣು. ಹೆಚ್ಚುಕಡಿಮೆ ಅದೇ ಗಾತ್ರದ ಡಾಕ್ಸಿಲ್ ಗುಳ್ಳೆಯೊಂದು ಹತ್ತು ಸಾವಿರಕ್ಕೂ ಹೆಚ್ಚು ಡಾಕ್ಸೊರುಬಿಸಿನ್ ಅಣುಗಳನ್ನು ಹೊರುತ್ತದೆ. ಈ ವ್ಯತ್ಯಾಸಕ್ಕೆ ಕಾರಣ ಪ್ರೋಟೀನಿನ ಗಾತ್ರ ಮಾತ್ರವಲ್ಲ. ಡಾಕ್ಸೊರುಬಿಸಿನ್ನಿಗಾದರೆ ಖಾಲಿ ಗುಳ್ಳೆಯನ್ನು ಮೊದಲು ಮಾಡಿಟ್ಟು, ಒಳಗೂ ಹೊರಗೂ ಅಮೋನಿಯಂ ಸಲ್ಫೇಟಿನ ಏರುಪೇರು ಇಟ್ಟರೆ ಔಷಧ ತಾನಾಗಿ ಗೋಡೆ ದಾಟಿ ಒಳಗೆ ಹೋಗಿ ಹರಳುಗಟ್ಟುತ್ತದೆ. ಪ್ರೋಟೀನು ಹಾಗೆ ಗೋಡೆ ದಾಟದು; ಗುಳ್ಳೆ ಕಟ್ಟುವಾಗಲೇ ಜೊತೆಯಲ್ಲಿರಬೇಕು. ಅಲ್ಲಿ ದ್ರಾವಕ, ಅಲುಗಾಟ, ಶಾಖ ಎಲ್ಲವೂ ಇರುತ್ತವೆ, ಪ್ರೋಟೀನಿನ ಮಡಿಕೆ ಬಿಚ್ಚಿಕೊಳ್ಳುತ್ತದೆ. ಮಡಿಕೆ ಬಿಚ್ಚಿದ ಪ್ರೋಟೀನು ಬೇಯಿಸಿದ ಮೊಟ್ಟೆಯ ಬಿಳಿಯಿದ್ದಂತೆ, ಹಿಂದಿನ ಸ್ಥಿತಿಗೆ ಬರುವುದು ಕಷ್ಟ.

ಪೆಪ್ಟೈಡುಗಳ ಚರಿತ್ರೆಯನ್ನು ಪಕ್ಕದಲ್ಲಿಟ್ಟರೆ ಈ ಮಾತು ಇನ್ನೂ ನಿಚ್ಚಳವಾಗುತ್ತದೆ. ತಾನಾಗಿ ಕರಗಿಹೋಗುವ ಶಸ್ತ್ರಚಿಕಿತ್ಸೆಯ ಹೊಲಿಗೆ ದಾರಗಳಲ್ಲಿ ಬಳಸುವ ಲ್ಯಾಕ್ಟಿಕ್-ಗ್ಲೈಕಾಲಿಕ್ ಪಾಲಿಮರಿನ ಪುಟ್ಟ ಗೋಲಿಗಳಲ್ಲಿ ಜಪಾನಿನ ಟಕೆಡಾ ಸಂಸ್ಥೆ ಲ್ಯೂಪ್ರೊಲೈಡನ್ನು ಇಟ್ಟಿತು. ತಿಂಗಳಿಗೊಂದು ಚುಚ್ಚುಮದ್ದು ಸಾಕಾಗುವ ಆ ಮದ್ದಿಗೆ 1989ರಲ್ಲಿ ಅಮೆರಿಕದ ಒಪ್ಪಿಗೆ ಸಿಕ್ಕಿತು, ಪ್ರಾಸ್ಟೇಟ್ ಕ್ಯಾನ್ಸರಿನ ಚಿಕಿತ್ಸೆಯನ್ನೇ ಅದು ಬದಲಿಸಿತು. ಗೋಲಿಗಳು ನ್ಯಾನೊ ಅಳತೆಯವಲ್ಲ, ಅದಕ್ಕಿಂತ ನೂರಾರು ಪಟ್ಟು ದೊಡ್ಡವು, ಆದರೆ ತತ್ವ ಅದೇ. ಲ್ಯೂಪ್ರೊಲೈಡ್ ಒಂಬತ್ತು ಅಮೈನೊ ಆಮ್ಲಗಳ ಚಿಕ್ಕ ತುಂಡು, ಮಡಿಕೆಯ ಗೊಡವೆಯೇ ಅದಕ್ಕೆ ಅಷ್ಟಾಗಿ ಇಲ್ಲ. ಅದೇ ಪಾಲಿಮರಿನಲ್ಲಿ 191 ಅಮೈನೊ ಆಮ್ಲಗಳ ಬೆಳವಣಿಗೆಯ ಹಾರ್ಮೋನನ್ನು ಇಟ್ಟ ನ್ಯೂಟ್ರೊಪಿನ್ ಡಿಪೊ 1999ರಲ್ಲಿ ಒಪ್ಪಿಗೆ ಪಡೆದು 2004ರಲ್ಲಿ ಮಾರುಕಟ್ಟೆಯಿಂದ ಹಿಂದೆ ಸರಿಯಿತು. ಸತುವಿನ ಜೊತೆ ಕಟ್ಟಿ, ಅತಿಶೀತದಲ್ಲಿ ತಯಾರಿಸಿ, ಪ್ರೋಟೀನಿನ ಮಡಿಕೆ ಕೆಡದಂತೆ ಅದನ್ನು ಜೋಪಾನ ಮಾಡಿದ್ದರು. ತಯಾರಿಕೆಯ ಆ ತೊಡಕು ವ್ಯಾಪಾರಕ್ಕೆ ಒಗ್ಗಲಿಲ್ಲ. ಮೂಟೆ ಚಿಕ್ಕದಾಗಿ, ಆಕಾರದ ಹಟವಿಲ್ಲದ್ದಾಗಿದ್ದರೆ ಮಾತ್ರ ಪೆಟ್ಟಿಗೆ ಕೆಲಸಕ್ಕೆ ಬರುತ್ತದೆ.

ಇಲ್ಲಿ ಓದುಗರು ತಡೆದು ನಿಲ್ಲಿಸಬಹುದು: ಲಸಿಕೆಗಳ ಮಾತೇನು? ಅವು ಪ್ರೋಟೀನುಗಳೇ, ಅವುಗಳಲ್ಲಿ ನ್ಯಾನೊವಾಹಕ ಗೆದ್ದಿದೆಯಲ್ಲ? ನಿಜ, ಇದು ನನ್ನ ವಾದದ ಎದುರು ನಿಲ್ಲುವ ಬಲವಾದ ಸಾಕ್ಷ್ಯ. ಗ್ರೆಗೋರಿಯಾಡಿಸ್ ಮತ್ತು ಆಂಥನಿ ಆಲಿಸನ್ 1974ರಲ್ಲೇ ಡಿಫ್ತೀರಿಯಾದ ಟಾಕ್ಸಾಯ್ಡನ್ನು ಲೈಪೊಸೋಮಿನಲ್ಲಿಟ್ಟು ಇಲಿಗಳಿಗೆ ಕೊಟ್ಟಾಗ ಪ್ರತಿಕಾಯಗಳು ಹೆಚ್ಚಿದ್ದವು. 1994ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಹೆಪಟೈಟಿಸ್ ಎ ವಿರುದ್ಧದ ಎಪಾಕ್ಸಲ್ ಬಂತು, 2017ರಲ್ಲಿ ಸರ್ಪಸುತ್ತಿನ ವಿರುದ್ಧದ ಶಿಂಗ್ರಿಕ್ಸ್. ಆದರೆ ಒಂದೊಂದನ್ನೂ ಬಿಡಿಸಿ ನೋಡೋಣ. ಲಸಿಕೆಯಲ್ಲಿ ಕಬಳಿಸುವ ಕೋಶಗಳು ಕಣವನ್ನು ನುಂಗುವುದು ನಷ್ಟವಲ್ಲ, ಅದೇ ಬೇಕಾದದ್ದು. ರೋಗನಿರೋಧಕ ವ್ಯವಸ್ಥೆ ಕೆರಳುವುದು ಅಡ್ಡಪರಿಣಾಮವಲ್ಲ, ಅದೇ ಪರಿಣಾಮ. ಎಷ್ಟು ಒಳಹೋಯಿತು ಎಂಬ ಕರಾರುವಾಕ್ಕು ಲೆಕ್ಕ ಇನ್ಸುಲಿನ್ನಿನಷ್ಟು ಬಿಗಿಯಾಗಿ ಬೇಕಿಲ್ಲ. ಎಪಾಕ್ಸಲ್ಲಿನ ಗುಳ್ಳೆಯ ಗೋಡೆಯಲ್ಲಿ ಇನ್‌ಫ್ಲುಯೆಂಜಾ ವೈರಸ್ಸಿನ ಪ್ರೋಟೀನುಗಳನ್ನು ನೆಟ್ಟಿದ್ದರು, ಕೋಶದ ಬಾಗಿಲು ತಟ್ಟುತ್ತಿದ್ದದ್ದು ಅವೇ. ಶಿಂಗ್ರಿಕ್ಸಿನಲ್ಲಂತೂ ವೈರಸ್ಸಿನ ಪ್ರೋಟೀನು ಲೈಪೊಸೋಮಿನ ಒಳಗೆ ಇಲ್ಲವೇ ಇಲ್ಲ. ಲೈಪೊಸೋಮ್ ಹೊತ್ತಿರುವುದು ಪ್ರಚೋದಕಗಳನ್ನು, ಪ್ರೋಟೀನು ಪಕ್ಕದಲ್ಲಿ ತಾನೇ ತಾನಾಗಿ ಇರುತ್ತದೆ. ಗೆದ್ದದ್ದು ನ್ಯಾನೊವಾಹಕವೇ, ಆದರೆ ಪ್ರೋಟೀನನ್ನು ಮುಚ್ಚಿಟ್ಟು ಗೆದ್ದದ್ದಲ್ಲ.

ಇನ್ನೊಂದು ಆಕ್ಷೇಪವೂ ಇದೆ, ಅದು ಕರುಳಿನ ದಾರಿಯದು. ಸೈಕ್ಲೊಸ್ಪೊರಿನ್ ಹನ್ನೊಂದು ಅಮೈನೊ ಆಮ್ಲಗಳ ಪೆಪ್ಟೈಡ್. ನಾರ್ವೆಯ ಮಣ್ಣಿನಿಂದ ಸಿಕ್ಕ ಶಿಲೀಂಧ್ರದ ಕೊಡುಗೆ. ಅಂಗಾಂಗ ಕಸಿಯ ಯಶಸ್ಸನ್ನು ಹೆಚ್ಚಿಸಿದ ಈ ಮದ್ದು 1980ರ ದಶಕದಲ್ಲಿ ಎಣ್ಣೆಯ ರೂಪದಲ್ಲಿತ್ತು, ಪಿತ್ತರಸ ಎಷ್ಟು ಬಂತು ಎಂಬುದರ ಮೇಲೆ ಎಷ್ಟು ಒಳಹೋಯಿತು ಎಂಬುದು ನಿಂತಿತ್ತು. 1995ರಲ್ಲಿ ಬಂದ ನಿಯೋರಲ್ ಕರುಳಿನ ನೀರು ತಾಗಿದೊಡನೆ ನೂರು ನ್ಯಾನೊಮೀಟರಿಗಿಂತ ಚಿಕ್ಕ ಹನಿಗಳಾಗಿ ಒಡೆದು, ಆ ಏರುಪೇರನ್ನು ಬಹುಮಟ್ಟಿಗೆ ನೀಗಿತು. ಬಾಯಿಯ ಮೂಲಕ ಪೆಪ್ಟೈಡನ್ನು ಒಯ್ದ ನ್ಯಾನೊ ಅಳತೆಯ ವಾಹಕಕ್ಕೆ ಇದಕ್ಕಿಂತ ದೊಡ್ಡ ಗೆಲುವಿಲ್ಲ, ಲಕ್ಷಾಂತರ ಮೂತ್ರಪಿಂಡಗಳು ಅದರ ಋಣದಲ್ಲಿವೆ. ಹಾಗಾದರೆ ಇನ್ಸುಲಿನ್ನಿಗೆ ಯಾಕೆ ಆಗಲಿಲ್ಲ? ಸೈಕ್ಲೊಸ್ಪೊರಿನ್ನಿನ ಸರಪಳಿಗೆ ತುದಿಗಳೇ ಇಲ್ಲ, ಅದು ಬಳೆಯ ಹಾಗೆ ಮುಚ್ಚಿದೆ; ಕಿಣ್ವ ಕಚ್ಚುವ ಜಾಗಗಳಿಗೆ ಮೀಥೈಲ್ ಗುಂಪುಗಳ ಕಾವಲಿದೆ; ಕೊಬ್ಬಿನಲ್ಲಿ ಕರಗುವ ಅದು ಪೊರೆಯನ್ನು ತಾನೇ ದಾಟುತ್ತದೆ. ಶಿಲೀಂಧ್ರ ಅದನ್ನು ಅರ್ಧ ದಾರಿ ಮುಟ್ಟಿಸಿಯೇ ಕೊಟ್ಟಿತ್ತು, ಮಿಕ್ಕ ಅರ್ಧವನ್ನು ಹನಿಗಳು ಮುಗಿಸಿದವು.

ಪ್ರೋಟೀನನ್ನೇ ಹೀಗೆ ಪ್ರಯಾಣಕ್ಕೆ ಸಜ್ಜು ಮಾಡುವ ಕೆಲಸವನ್ನು ಮನುಷ್ಯರೂ ಆಗಲೇ ಶುರುಮಾಡಿದ್ದರು. ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯದ ಫ್ರ್ಯಾಂಕ್ ಡೇವಿಸ್ ಮತ್ತು ಸಂಗಡಿಗರು 1977ರಲ್ಲಿ ಪಾಲಿಎಥಿಲೀನ್ ಗ್ಲೈಕಾಲಿನ ಎಳೆಗಳನ್ನು ಪ್ರೋಟೀನಿಗೆ ಹೊಲಿದು, ಅದರ ಆಯುಸ್ಸು ಹೆಚ್ಚುವುದನ್ನೂ ಪ್ರತಿಕಾಯಗಳ ಕಾಟ ಕಡಿಮೆಯಾಗುವುದನ್ನೂ ತೋರಿಸಿದರು. ಅದರಿಂದ ಹುಟ್ಟಿದ ಅಡಜೆನ್ 1990ರಲ್ಲಿ ಮಾರುಕಟ್ಟೆಗೆ ಬಂತು, ಡಾಕ್ಸಿಲ್ಲಿಗೂ ಐದು ವರ್ಷ ಮೊದಲು. ಇನ್ನೂ ಜಾಣತನದ ಹಾದಿ ತುಳಿದವರು ಡೆನ್ಮಾರ್ಕಿನವರು. ಜಿಎಲ್‌ಪಿ-1 ಎಂಬ ಕರುಳಿನ ಹಾರ್ಮೋನು ರಕ್ತದಲ್ಲಿ ಒಂದೆರಡು ನಿಮಿಷ ಬಾಳುತ್ತದೆ. ಲೋಟ ಬ್ಯೆರ ಕ್ನುಡ್‌ಸೆನ್ ನೇತೃತ್ವದ ತಂಡ ಅದಕ್ಕೆ ಕೊಬ್ಬಿನ ಆಮ್ಲದ ಒಂದು ಬಾಲ ಕಟ್ಟಿತು. ರಕ್ತದಲ್ಲಿ ಕೊಬ್ಬಿನ ಆಮ್ಲಗಳನ್ನು ಹೊರುವ ಕೆಲಸ ಆಲ್ಬುಮಿನ್ನಿನದು. ಕೆಲವೇ ನ್ಯಾನೊಮೀಟರ್ ಗಾತ್ರದ ಈ ಪ್ರೋಟೀನು ಎರಡೂವರೆ ವಾರಕ್ಕೂ ಹೆಚ್ಚು ಕಾಲ ಬಾಳುತ್ತದೆ. ಬಾಲವಿರುವ ಹಾರ್ಮೋನನ್ನು ಅದು ತನ್ನ ಎಂದಿನ ಸರಕೆಂದೇ ಭಾವಿಸಿ ಹೊತ್ತುಕೊಂಡಿತು. ಹೀಗೆ ಹುಟ್ಟಿದ ಮದ್ದುಗಳಲ್ಲಿ ಲಿರಾಗ್ಲುಟೈಡಿಗೆ ದಿನಕ್ಕೊಂದು, ಸೆಮಾಗ್ಲುಟೈಡಿಗೆ ವಾರಕ್ಕೊಂದು ಚುಚ್ಚುಮದ್ದು ಸಾಕಾಯಿತು. ಪ್ರಯೋಗಾಲಯಗಳು ದಶಕಗಟ್ಟಲೆ ಹುಡುಕಿದ ನ್ಯಾನೊವಾಹಕ ರಕ್ತದಲ್ಲೇ ಓಡಾಡುತ್ತಿತ್ತು. ಬಾಯಿಂದ ಕೊಡುವ ಸೆಮಾಗ್ಲುಟೈಡಿಗೆ 2019ರಲ್ಲಿ ಒಪ್ಪಿಗೆ ಸಿಕ್ಕಿದ್ದೂ ಯಾವ ನ್ಯಾನೊಕಣದ ನೆರವಿಲ್ಲದೆ: ಎಸ್‌ಎನ್‌ಎಸಿ ಎಂಬ ಸಣ್ಣ ಅಣುವಿನ 300 ಮಿಲಿಗ್ರಾಂ ಜೊತೆಗಿದ್ದು, ಜಠರದಲ್ಲಿ ಮಾತ್ರೆಯ ಸುತ್ತಲಿನ ಆಮ್ಲವನ್ನು ತಗ್ಗಿಸಿ ದಾರಿ ಮಾಡಿಕೊಡುತ್ತದೆ. ಆದರೂ ಒಳಹೋಗುವುದು ನೂರಕ್ಕೆ ಸುಮಾರು ಒಂದು ಪಾಲು. ದಿನಕ್ಕೆ 14 ಮಿಲಿಗ್ರಾಂ ಎಂದರೆ ವಾರಕ್ಕೆ 98. ಮಧುಮೇಹಕ್ಕೆ ಚುಚ್ಚುಮದ್ದಾಗಿ ಕೊಡುವಾಗ ವಾರಕ್ಕೆ ಒಂದು ಮಿಲಿಗ್ರಾಂ ಸಾಕಿತ್ತು. ಈ ಪೋಲನ್ನು ತಾಳಿಕೊಳ್ಳಲು ಆಗುವುದು ಆ ಮದ್ದು ರಕ್ತದಲ್ಲಿ ಒಂದು ವಾರ ನಿಲ್ಲುವುದರಿಂದ. ಇವತ್ತಿನ ಏರುಪೇರನ್ನು ನಾಳೆಯ ಶೇಖರಣೆ ಸರಿದೂಗಿಸುತ್ತದೆ. ಊಟದ ಹೊತ್ತಿನ ಇನ್ಸುಲಿನ್ನಿಗೆ ಆ ಸೌಲಭ್ಯವಿಲ್ಲ.

ಬೆಂಗಳೂರಿಗೂ ಈ ಚರಿತ್ರೆಯಲ್ಲಿ ಒಂದು ಪುಟವಿದೆ. ಅಮೆರಿಕದ ನೊಬೆಕ್ಸ್ ಕಂಪನಿಯಿಂದ ಬಂದ ಇನ್ಸುಲಿನ್ನೊಂದನ್ನು ಬಯೋಕಾನ್ 2006ರ ನಂತರ ಐಎನ್-105 ಎಂಬ ಹೆಸರಿನಲ್ಲಿ ಬೆಳೆಸಿತು. ಮುಂದೆ ಅದಕ್ಕೆ ಟ್ರೆಗೊಪಿಲ್ ಎಂದು ಹೆಸರಾಯಿತು. ಇದೂ ಪೆಟ್ಟಿಗೆಯಲ್ಲ. ಇನ್ಸುಲಿನ್ನಿನ ಒಂದು ಕೊಂಡಿಗೆ ಗ್ಲೈಕಾಲಿನ ಚಿಕ್ಕ ಬಾಲ ಕಟ್ಟಿ, ಕರುಳಿನ ಗೋಡೆಯನ್ನು ಸಡಿಲಿಸುವ ಕೊಬ್ಬಿನ ಲವಣದ ಜೊತೆ ಮಾತ್ರೆ ಮಾಡಿದ್ದರು. ಭಾರತದಲ್ಲಿ ನಡೆದ ಮೂರನೆಯ ಹಂತದ ಪರೀಕ್ಷೆ ಗುರಿ ಮುಟ್ಟಲಿಲ್ಲವೆಂದು 2011ರ ಆರಂಭದಲ್ಲಿ ಗೊತ್ತಾಯಿತು: ಮದ್ದು ಪಡೆದವರ ಸಕ್ಕರೆ ಇಳಿದಿತ್ತು, ಆದರೆ ಸುಳ್ಳುಮಾತ್ರೆ ಪಡೆದವರದೂ ನಿರೀಕ್ಷೆ ಮೀರಿ ಇಳಿದಿತ್ತು. ಡೆನ್ಮಾರ್ಕಿನ ನೊವೊ ನಾರ್ಡಿಸ್ಕ್ ತನ್ನ ಮಾತ್ರೆಯ ಇನ್ಸುಲಿನ್ ಚುಚ್ಚುಮದ್ದಿಗೆ ಸರಿಸಾಟಿಯೆಂದು ಎಂಟು ವಾರಗಳ ಪರೀಕ್ಷೆಯಲ್ಲಿ ಕಂಡ ಮೇಲೂ ಅದನ್ನು ಕೈಬಿಟ್ಟಿತು, ಬೇಕಾಗುವ ಇನ್ಸುಲಿನ್ನಿನ ಪ್ರಮಾಣ ಅಷ್ಟು ಹೆಚ್ಚಿತ್ತು. 2023ರ ಜನವರಿಯಲ್ಲಿ ಇಸ್ರೇಲಿನ ಒರಾಮೆಡ್ಡಿನ ಮೂರನೆಯ ಹಂತವೂ ಸೋತಿತು. ಹಾಗಿದ್ದರೆ ಪ್ರೋಟೀನನ್ನು ಸಜ್ಜು ಮಾಡುವ ಹಾದಿಯೂ ಸೋತಿತಲ್ಲ ಎಂದರೆ, ಹೌದು, ಕರುಳಿನ ಬಾಗಿಲಲ್ಲಿ ಎರಡೂ ಹಾದಿಗಳು ಸೋತಿವೆ. ನನ್ನ ವಾದ ಎಲ್ಲ ಬಾಗಿಲುಗಳನ್ನೂ ತೆರೆಯುವುದಿಲ್ಲ. ಆದರೆ ಆ ಬಾಗಿಲು ಯಾಕೆ ಮುಚ್ಚಿದೆ ಎಂಬುದನ್ನು ಅದು ಹೇಳುತ್ತದೆ: ಇನ್ಸುಲಿನ್ನಿಗೆ ಕರುಳಿನಿಂದ ಒಳಬರುವ ವಿಳಾಸವನ್ನು ಪ್ರಕೃತಿ ಬರೆದೇ ಇಲ್ಲ. ಅದು ಹುಟ್ಟುವುದೇ ಮೇದೋಜ್ಜೀರಕದಲ್ಲಿ, ಒಳಗಡೆ. ಹಣ ಸಾಲದ್ದರಿಂದ, ಕಾಲ ಸಾಲದ್ದರಿಂದ ಸೋತೆವು ಎನ್ನುವವರು ನೂರು ವರ್ಷಗಳ ಪ್ರಯತ್ನವನ್ನೂ ದೈತ್ಯ ಕಂಪನಿಗಳ ಬಂಡವಾಳವನ್ನೂ ಒಮ್ಮೆ ಎಣಿಸಿ ನೋಡಬೇಕು.

ಪ್ರೋಟೀನಿಗಾಗಿ ಹುಟ್ಟಿದ ಗಾಡಿಗೆ ಕೊನೆಗೂ ಪ್ರೋಟೀನಿನ ಕೆಲಸ ಸಿಕ್ಕಿದ್ದು ಅದು ಪ್ರೋಟೀನನ್ನು ಹೊರುವುದನ್ನು ಬಿಟ್ಟಾಗ. ಕೋಶಕ್ಕೆ ಪ್ರೋಟೀನಿನ ಬದಲು ಅದರ ಪಾಕವಿಧಿಯಾದ ಆರ್‌ಎನ್‌ಎಯನ್ನು ಕೊಡಬಹುದೆಂದು 1978ರಲ್ಲೇ ಸೂಚನೆಯಿತ್ತು. ಮೊಲದ ಗ್ಲೋಬಿನ್ನಿನ ಆರ್‌ಎನ್‌ಎಯನ್ನು ಲೈಪೊಸೋಮಿನಲ್ಲಿಟ್ಟು ಇಲಿಯ ರಕ್ತಕೋಶಗಳಿಗೆ ತಲುಪಿಸಿದ ವರದಿ ಆ ವರ್ಷ ನೇಚರ್‌ನಲ್ಲಿದೆ. ಮುಂದಿನದು ಹಲವರಿಗೆ ಗೊತ್ತಿರುವ ಕಥೆ: ಕಾರಿಕೊ ಮತ್ತು ಇನ್ನೊಬ್ಬ ವೈಸ್‌ಮನ್ 2005ರಲ್ಲಿ ಆರ್‌ಎನ್‌ಎಯ ಒಂದು ಅಕ್ಷರ ಬದಲಿಸಿದ್ದು, ಪೀಟರ್ ಕಲಿಸ್ ಮತ್ತಿತರರು ಆಮ್ಲದಲ್ಲಿ ಮಾತ್ರ ಧನಾವೇಶ ಪಡೆಯುವ ಲಿಪಿಡ್ಡುಗಳನ್ನು ಕಟ್ಟಿದ್ದು, 2020ರ ಡಿಸೆಂಬರಿನಲ್ಲಿ ಕೋವಿಡ್ ಲಸಿಕೆಗಳು ಬಂದದ್ದು. ಫೈಜರ್ ಲಸಿಕೆಯ ಒಂದು ಡೋಸಿನಲ್ಲಿ 30 ಮೈಕ್ರೊಗ್ರಾಂ ಆರ್‌ಎನ್‌ಎ. ಒಂದು ಕಣದೊಳಗೆ ಬೆರಳೆಣಿಕೆಯ ಎಳೆಗಳು, ಆದರೆ ಒಂದೊಂದು ಎಳೆಯನ್ನೂ ಕೋಶ ಮತ್ತೆ ಮತ್ತೆ ಓದುತ್ತದೆ, ಪ್ರತಿ ಸಲವೂ ಒಂದು ಪ್ರೋಟೀನು. ಇನ್ಸುಲಿನ್ನಿನ ನಾನೂರು ಅಣುಗಳ ಲೆಕ್ಕ ಇಲ್ಲಿ ತಲೆಕೆಳಗಾಯಿತು. ಮಡಿಕೆಯ ಚಿಂತೆಯೂ ತಪ್ಪಿತು, ಮಡಚುವುದು ಕೋಶದ ಕುಲಕಸುಬು.

ಆ ಕಣಗಳಿಗೆ ಅಣ್ಣನಂಥದ್ದೊಂದು 2018ರಲ್ಲೇ ಒಪ್ಪಿಗೆ ಪಡೆದಿತ್ತು. ಆನ್‌ಪ್ಯಾಟ್ರೊ ಎಂಬ ಆ ಮದ್ದು ಯಕೃತ್ತಿನಲ್ಲಿ ಹುಟ್ಟುವ ಒಂದು ಕೆಟ್ಟ ಪ್ರೋಟೀನನ್ನು ಅಡಗಿಸುವ ಸಣ್ಣ ಆರ್‌ಎನ್‌ಎಯನ್ನು ಹೊರುತ್ತದೆ. ಅದರ ಕಣದ ಮೇಲೆ ಯಕೃತ್ತಿನ ವಿಳಾಸವನ್ನು ಯಾರೂ ಬರೆದಿರಲಿಲ್ಲ, ಆದರೂ ಅದು ತಪ್ಪದೆ ಅಲ್ಲಿಗೇ ಹೋಗುತ್ತಿತ್ತು. 2010ರಲ್ಲಿ ಪ್ರಕಟವಾದ ಇಲಿಗಳ ಪ್ರಯೋಗದಲ್ಲಿ ಕಾರಣ ಸಿಕ್ಕಿತು. ಕಣ ರಕ್ತಕ್ಕೆ ಬಂದೊಡನೆ ಅದರ ಮೇಲಿನ ಹೊದಿಕೆ ಕಳಚುತ್ತದೆ, ರಕ್ತದಲ್ಲಿ ಕೊಬ್ಬಿನ ಜೊತೆ ತಿರುಗುವ ಅಪೊಲಿಪೊಪ್ರೋಟೀನ್-ಇ ಬಂದು ಮೇಲೆ ಕೂರುತ್ತದೆ, ಯಕೃತ್ತಿನ ಗ್ರಾಹಕಗಳು ಆ ಪ್ರೋಟೀನನ್ನು ಗುರುತಿಸಿ ಕಣವನ್ನು ಒಳಗೆಳೆದುಕೊಳ್ಳುತ್ತವೆ. ಅಪೊಲಿಪೊಪ್ರೋಟೀನ್-ಇ ಇಲ್ಲದ ಇಲಿಗಳಿಗೆ ಅದೇ ಕಣವನ್ನು ಕೊಟ್ಟಾಗ ಮದ್ದು ಕೆಲಸ ಮಾಡಲಿಲ್ಲ. ಕಣಕ್ಕೆ ಮೊದಲೇ ಆ ಪ್ರೋಟೀನನ್ನು ಬೆರೆಸಿ ಕೊಟ್ಟರು; ಅದು ಮತ್ತೆ ಯಕೃತ್ತಿನ ದಾರಿ ಹಿಡಿಯಿತು.